ಇಂಗ್ಲಿಷಿನ ನುಡಿಗಟ್ಟುಗಳೂ ನಮ್ಮ ಬರವಣಿಗೆಯೂ

ಒಂದು ಭಾಷೆಯ ಪದಗಳನ್ನು ನಿಘಂಟಿನಿಂದ ಕಲಿಯಬಹುದು. ಅದರ ನುಡಿಗಟ್ಟುಗಳನ್ನು ಕಲಿಯಬೇಕಾದರೆ ಆ ಭಾಷೆಯನ್ನಾಡುವ ಜನರ ಹವೆ, ಕಸಬು, ಕಟ್ಟಳೆ, ಕಥೆಗಳನ್ನೂ ಅರಿಯಬೇಕಾಗುವುದು. ಇಂಗ್ಲಿಷಿನಲ್ಲಿ ಒಬ್ಬನು ಬಕೆಟ್ಟನ್ನು ಒದ್ದನೆಂದರೆ ತೀರಿಕೊಂಡನೆಂದು ಅರ್ಥ. ನಾಯಿಬೆಕ್ಕುಗಳ ಮಳೆಯಾಯಿತೆಂದರೆ ಮುಸಲಧಾರೆಯಾಗಿ ಸುರಿಯಿತೆಂದು ಅರ್ಥ. ಬಿಡಿಪದಗಳನ್ನು ಮಾತ್ರ ಬಲ್ಲವನಿಗೆ ಇವು ಒಗಟುಗಳೇ ಸರಿ. ಇಂತಹ ಒಗಟುಗಳನ್ನು ಬಿಡಿಸದೆ ಹಾಗೆಯೇ ಕನ್ನಡಕ್ಕೆ ತಂದಿಳಿಸುವ ಪರಿಪಾಟಿಯು ಸರ್ಕಾರದ ಪ್ರಕಟನೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕಾಣಬರುತ್ತಿರುವುದರಿಂದ, ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರುತ್ತದೆ.

ಇಂಗ್ಲೆಂಡು ಚಳಿಯ ದೇಶ. ಅಲ್ಲಿ ಬಿಸುಪು ಆದರದ ಗುರುತು, ತಂಪು ಅನಾದರದ ಗುರುತು. ಆದುದರಿಂದಲೇ ಅವರಲ್ಲಿ ಪ್ರೀತಿಯ ಸ್ವಾಗತವು 'ಬೆಚ್ಚನೆಯ ಸ್ವಾಗತ'. ಅಲಕ್ಷ್ಯದಿಂದ ಮುಖ ತಿರುಗಿಸುವುದು 'ತಣ್ಣನೆಯ ಭುಜ' ತೋರಿಸುವುದು. ಅಪರಿಚಿತರ ನಡುವಣ ಸಂಕೋಚವನ್ನು ನೀಗಿಸಿ ಮಾತಿಗೆ ತೊಡಗುವುದು 'ಮಂಜುಗಡ್ಡೆಯನ್ನು ಒಡೆಯುವುದು'. ಇದು ಹೆಪ್ಪುಗಟ್ಟಿದ ನೀರನ್ನು ಒಡೆದು ದೋಣಿಗೆ ದಾರಿಮಾಡುವ ಕೆಲಸದಿಂದ ಹುಟ್ಟಿದ ಮಾತು. ನಮ್ಮದಾದರೋ ಬಿಸಿಲ ನಾಡು. ನಮ್ಮ ಹಿರಿಯರು ಹರಸುವಾಗ 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುವರು. ಅಸೂಯೆಗೆ ನಾವಿಟ್ಟ ಹೆಸರು ಹೊಟ್ಟೆಕಿಚ್ಚು. ಹೀಗಿರುವಲ್ಲಿ ಮಂತ್ರಿಗಳಿಗೆ 'ಬಿಸಿ ಸ್ವಾಗತ' ದೊರೆಯಿತೆಂದು ಅಚ್ಚುಮಾಡಿದರೆ, ಅಲ್ಲಿ ಗಲಾಟೆಯೇನಾದರೂ ನಡೆಯಿತೋ ಎಂದು ಹಳ್ಳಿಯ ವಾಚಕನು ಶಂಕಿಸಿದರೆ ತಪ್ಪೇನು?

ಪ್ರಾಣಿಗಳ ವಿಷಯದಲ್ಲಿಯೂ ಹೀಗೆಯೇ. ಸಯಾಮಿನ ದೊರೆಗಳು ತಮಗಾಗದ ಆಸ್ಥಾನಿಕನಿಗೆ ಬಿಳಿಯಾನೆಯನ್ನು ದಾನವಿತ್ತು, ಅದನ್ನು ಸಾಕುವ ವೆಚ್ಚದಿಂದಲೇ ಅವನನ್ನು ಹಾಳುಮಾಡುತ್ತಿದ್ದರೆಂಬ ಕಥೆಯೊಂದುಂಟು. ಇದರಿಂದ ಇಂಗ್ಲಿಷಿನಲ್ಲಿ ಬಿಳಿಯಾನೆಯೆಂದರೆ ಪ್ರಯೋಜನವಿಲ್ಲದೆ ದುಡ್ಡು ನುಂಗುವ ವಸ್ತು. ನಮ್ಮಲ್ಲಿ ಬಿಳಿಯಾನೆಯೆಂದರೆ ಸಮುದ್ರಮಥನದಲ್ಲಿ ಹುಟ್ಟಿದ ಐರಾವತ, ದೇವೇಂದ್ರನ ವಾಹನ! ನಷ್ಟದಲ್ಲಿರುವ ಕಾರ್ಖಾನೆಯನ್ನು ಬಿಳಿಯಾನೆಯೆಂದು ಕರೆದರೆ ಅದು ನಿಂದೆಯೋ ಸ್ತುತಿಯೋ ತಿಳಿಯುವ ಬಗೆ ಹೇಗೆ? ಗೂಬೆಯು ಅವರಿಗೆ ವಿವೇಕದ ಹಕ್ಕಿ, ನಮಗೆ ಅಪಶಕುನ. ಇನ್ನೊಬ್ಬನ ಮೇಲೆ ಅಪವಾದ ಹೊರಿಸುವುದನ್ನು ನಾವು 'ಗೂಬೆ ಕೂರಿಸುವುದು' ಎನ್ನುತ್ತೇವೆ.

ಒಂದೇ ಭಾಷೆಯನ್ನಾಡುವವರೂ ನುಡಿಗಟ್ಟಿನಲ್ಲಿ ಎಡವುವುದುಂಟು. ವಿಷಯವೊಂದನ್ನು 'ಟೇಬಲ್' ಮಾಡುವುದೆಂದರೆ ಬ್ರಿಟಿಷರಿಗೆ ಒಡನೆ ಚರ್ಚೆಗೆ ತರುವುದು. ಅಮೆರಿಕದವರಿಗೆ ಅದನ್ನು ಬದಿಗಿಟ್ಟು ಮುಂದೂಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಭಯ ದೇಶಗಳ ಸೇನಾಧಿಕಾರಿಗಳು ಈ ಒಂದು ಮಾತಿಗಾಗಿ ಬಹಳ ಹೊತ್ತು ವಾಗ್ವಾದ ಮಾಡಿ, ಕೊನೆಗೆ ತಾವೆಲ್ಲರೂ ಒಂದೇ ಅಭಿಪ್ರಾಯದವರೆಂದು ಅರಿತರೆಂದು ಚರ್ಚಿಲರು ತಮ್ಮ ಯುದ್ಧಚರಿತ್ರೆಯಲ್ಲಿ ಬರೆದಿದ್ದಾರೆ. ನಮ್ಮ ಶಾಸನಸಭೆಯಲ್ಲಿ ಬಳಕೆಯಾಗಿರುವ 'ಮಂಡಿಸು' ಎಂಬ ಪದದಲ್ಲಿ ಇಂತಹ ಗೊಂದಲಕ್ಕೆ ಎಡೆಯೇ ಇಲ್ಲ.

ಹಾಗೆಂದು ಪರಭಾಷೆಯಿಂದ ಬಂದುದೆಲ್ಲವೂ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಈಸೋಪನ ಕಥೆಯಲ್ಲಿ ಸಿಂಹವು ಬೇಟೆಯ ಎಲ್ಲ ಪಾಲುಗಳನ್ನೂ ತಾನೇ ಕಬಳಿಸಿತು. ಅದರಿಂದ ಹುಟ್ಟಿದ 'ಸಿಂಹಪಾಲು' ಇಂದು ಅತಿ ದೊಡ್ಡ ಪಾಲೆಂಬ ಅರ್ಥದಲ್ಲಿ ಕನ್ನಡದ ಸೊತ್ತೇ ಆಗಿದೆ. 11ನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಬರೆದ ಭಾಷೆಗೆ ಸಿಂಹದ ಕಥೆ ಹೊಸದಲ್ಲವಷ್ಟೆ. ರೈಲು ಬಂದ ಮೇಲೆ 'ಹಸಿರು ನಿಶಾನೆ ತೋರು', 'ಹಳಿ ತಪ್ಪು' ಎಂಬ ಮಾತುಗಳೂ ನೆಲೆಸಿದುವು. ವಸ್ತುವು ಕಣ್ಣ ಮುಂದಿದ್ದರೆ, ಇಲ್ಲವೆ ಕಥೆಯು ಕಿವಿಗೆ ಬಿದ್ದಿದ್ದರೆ, ಮಾತು ಬೇರೂರುತ್ತದೆ. ಆದರೆ 'ನ್ಯೂಕಾಸಲ್ಲಿಗೆ ಕಲ್ಲಿದ್ದಲು ಒಯ್ಯುವುದು' ಎಂಬುದನ್ನು ಇಲ್ಲಿ ಯಾರು ತಿಳಿಯುವರು? ಆ ಊರಿನಿಂದ ಶತಮಾನಗಳ ಕಾಲ ಲಂಡನ್ನಿಗೆ ಹಡಗುಗಳಲ್ಲಿ ಕಲ್ಲಿದ್ದಲು ಹೋಗುತ್ತಿದ್ದುದನ್ನು ಬಲ್ಲವನಿಗೆ ಮಾತ್ರ, ಇದ್ದಲ್ಲಿಗೇ ಮತ್ತೆ ಒಯ್ಯುವ ವ್ಯರ್ಥ ಶ್ರಮವೆಂಬ ಅರ್ಥವು ಹೊಳೆದೀತು.

ನಮ್ಮಲ್ಲಿ ಮಾತಿಗೆ ಬಡತನವಿದ್ದಿದ್ದರೆ ಸಾಲವನ್ನು ಒಪ್ಪಬಹುದಾಗಿತ್ತು. ಇಂಗ್ಲಿಷರು ಮೋಲ್ ಎಂಬ ಪ್ರಾಣಿ ಬಿಲ ತೋಡಿ ಎತ್ತಿದ ಮಣ್ಣಗುಪ್ಪೆಯನ್ನು ಪರ್ವತಮಾಡುವರು. ನಾವು ಕಡ್ಡಿಯನ್ನು ಗುಡ್ಡಮಾಡುವೆವು. ಅವರು ಬೆಂಕಿಗೆ ಉರುವಲು ಹಾಕುವರು. ನಾವು ತುಪ್ಪ ಸುರಿಯುವೆವು. ನಮ್ಮ ಮನೆಯ ಮಾತುಗಳನ್ನು ಅಟ್ಟದ ಮೇಲೆಸೆದು ನೆರೆಮನೆಯ ಪಾತ್ರೆಯಲ್ಲಿ ಅಡಿಗೆ ಮಾಡುವುದೇಕೆ?

ಕಚೇರಿಗಳ ಮಹನೀಯರಿಗೆ ಒಂದು ವಿಶೇಷ ಅರಿಕೆ. ಇಂಗ್ಲೆಂಡಿನಲ್ಲಿ ಸರ್ಕಾರದ ಮತ್ತು ನ್ಯಾಯಾಲಯದ ಕಾಗದಗಳನ್ನು ಕೆಂಪು ಪಟ್ಟಿಯಿಂದ ಕಟ್ಟುತ್ತಿದ್ದರು; ಕಾರ್ಲೈಲ್, ಡಿಕನ್ಸ್ ಮೊದಲಾದವರು 19ನೆಯ ಶತಮಾನದಲ್ಲಿ ಅದನ್ನು ಗೇಲಿಮಾಡಿದರು. ಅಂದಿನಿಂದ 'ಕೆಂಪು ಪಟ್ಟಿ'ಯೆಂದರೆ ಕಚೇರಿಯ ವಿಳಂಬ. ನಮ್ಮ ಗುಮಾಸ್ತರಿಗೆ ಕಡತ, ರುಮಾಲುಗಳು ಗೊತ್ತಿರುವುದರಿಂದ ಇದು ತಿಳಿದೀತು, ರೈತನಿಗೆ ತಿಳಿಯದು. ಆದರೆ 'ನಾಳೆ ಬಾ' ಎಂಬುದನ್ನು ಅವನು ಚೆನ್ನಾಗಿ ಬಲ್ಲ. ದೆವ್ವವನ್ನು ಹಿಂದಟ್ಟಲು ಹಳ್ಳಿಗಳಲ್ಲಿ ಮನೆಯ ಬಾಗಿಲ ಮೇಲೆ ಹಾಗೆ ಬರೆಯುತ್ತಿದ್ದುದುಂಟು. ಕಚೇರಿಯ ಬಾಗಿಲಲ್ಲಿ ಬರೆಯದೆಯೇ ಅವನು ಅದನ್ನು ಓದಿಕೊಳ್ಳುತ್ತಾನೆ.

1963ರ ರಾಜಭಾಷಾ ಶಾಸನವು ಕನ್ನಡವನ್ನು ರಾಜ್ಯದ ಆಡಳಿತಭಾಷೆಯೆಂದು ಸಾರಿತು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದ ಅಕ್ಷರಗಳಲ್ಲಿ ಬರೆದ ಆಜ್ಞೆಯಿಂದ ಆ ಶಾಸನದ ಉದ್ದೇಶವು ಈಡೇರದು. ಸಾಗುವಳಿ, ಪಿಂಚಣಿ, ಕಂದಾಯಗಳ ನೋಟೀಸು ಅರ್ಥವಾಗದೆ ವಾಯಿದೆ ಮೀರಿದರೆ ನಷ್ಟವನ್ನು ಅನುಭವಿಸುವವನು ಭಾಷಾಂತರಕಾರನಲ್ಲ, ಬಡ ಅರ್ಜಿದಾರನು. ಆದುದರಿಂದ ಭಾಷಾಂತರಕಾರರು ಇಂಗ್ಲಿಷಿನ ನುಡಿಗಟ್ಟನ್ನು ಕಂಡೊಡನೆ ಮೊದಲು ಅದರ ಭಾವವನ್ನು ಗ್ರಹಿಸಿ, ಅನಂತರ ಇದೇ ಭಾವವನ್ನು ತಮ್ಮ ತಾಯಿಯು ಯಾವ ಮಾತಿನಿಂದ ಹೇಳುತ್ತಿದ್ದಳೆಂದು ನೆನೆಯಲಿ. ನೆನಪಾಗದಿದ್ದರೆ ನೇರವಾಗಿ, ಸರಳವಾಗಿ ಬರೆಯಲಿ. ಬರೆದ ಕರಡನ್ನು ಸಹಿಗೆ ಕಳುಹಿಸುವ ಮುನ್ನ ಇಂಗ್ಲಿಷರಿಯದ ಒಬ್ಬರಿಗೆ ಓದಿ ಹೇಳಲಿ. ಅವರಿಗೆ ತಿಳಿದರೆ ಅದು ಕನ್ನಡವಾಯಿತೆಂದು ಭಾವಿಸಬಹುದು.