ಅಂಗಳಕ್ಕೆ ನುಗ್ಗೆಯೋ, ಗುಲ್‌ಮೊಹರೋ?

ಸಿಂಗಾನಲ್ಲೂರು: ತಿರುಚ್ಚಿ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಮನೆ ಕಟ್ಟಿ ಮುಗಿದ ಮೇಲೆ ಹಲವರಿಗೆ ಉಳಿಯುವುದು ಒಂದು ಮರದಷ್ಟು ಜಾಗ. ಅಲ್ಲಿ ಹೂವಿಗೆ ಗುಲ್‌ಮೊಹರ್ ನೆಡಬೇಕೋ, ಸಾರಿಗೆ ನುಗ್ಗೆ ನೆಡಬೇಕೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಆಯ್ಕೆ ತಪ್ಪಿದರೆ ಕೆಲವು ವರ್ಷಗಳಲ್ಲಿ ಕಾಂಪೌಂಡ್ ಗೋಡೆ ಬಿರುಕು ಬಿಡುತ್ತದೆ, ಪಕ್ಕದ ಮನೆಯವರ ಜೊತೆ ಮನಸ್ತಾಪ ಬೇರೆ.

ಗುಲ್‌ಮೊಹರ್ ಮಡಗಾಸ್ಕರ್ ಮೂಲದ ಮರ. ಏಪ್ರಿಲ್-ಮೇ ತಿಂಗಳಲ್ಲಿ ಅದರ ಕೆಂಪು ಹೂವಿನ ಸೊಬಗಿಗೆ ಸಾಟಿಯಿಲ್ಲ, ಒಪ್ಪಬೇಕಾದ್ದೇ. ಆದರೆ ಮರ ಕೊಡೆಯಂತೆ ಅಗಲಕ್ಕೆ ಹರಡುತ್ತದೆ. ಬೇರುಗಳು ಮೇಲ್ಮಣ್ಣಿನಲ್ಲೇ ಓಡಿ ನೆಲಹಾಸನ್ನು ಎತ್ತುತ್ತವೆ. ಹೂವಿಗೂ ಹಲವು ವರ್ಷ ಕಾಯಬೇಕು. ಶಾಲೆಯ ಮೈದಾನಕ್ಕೆ ಸರಿ, ಮೂರು ಸೆಂಟ್ ನಿವೇಶನಕ್ಕಲ್ಲ.

ನುಗ್ಗೆಯ ವಿಷಯ ಬೇರೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪೆರಿಯಕುಳಂ ತೋಟಗಾರಿಕೆ ಕಾಲೇಜಿನಲ್ಲಿ ರೂಪುಗೊಂಡ ಪಿಕೆಎಂ-1 ತಳಿ ಬೀಜ ಹಾಕಿದ ಸುಮಾರು ಆರು ತಿಂಗಳಿಗೇ ಕಾಯಿ ಕೊಡುತ್ತದೆ. ಕಾಯಿ ಎರಡಡಿಗೂ ಉದ್ದ. ಸೊಪ್ಪಂತೂ ವರ್ಷವಿಡೀ. ಇಲ್ಲಿನ ಸಂತೆಯಲ್ಲಿ 'ಮುರುಂಗೈ' ಎಂದು ಕೇಳಿ ಕೊಂಡರೂ ಮನೆಯೊಳಗೆ 'ನುಗ್ಗೆ' ಎನ್ನುವ ದೇವಾಂಗ ಕುಟುಂಬಗಳಿಗೆ ಇದರ ರುಚಿ ಹೇಳಿಕೊಡಬೇಕಿಲ್ಲ.

'ಮನೆ ಮುಂದೆ ನುಗ್ಗೆ ಬೇಡ' ಎಂದು ಹಿರಿಯರು ಹೇಳುವುದುಂಟು. ಅದನ್ನು ಬರೀ ಮೂಢನಂಬಿಕೆ ಎನ್ನಲಾಗದು. ನುಗ್ಗೆಯ ಕೊಂಬೆ ಬಲು ಪೆಡಸು, ಹತ್ತಿದ ಮಕ್ಕಳು ಕೊಂಬೆ ಸಮೇತ ಬೀಳುತ್ತಾರೆ. ಕಾಂಡಕ್ಕೆ ಗುಂಪಾಗಿ ಅಂಟುವ ಕಂಬಳಿಹುಳು ತಾಗಿದರೆ ಮೈಯೆಲ್ಲ ತುರಿಕೆ. ಸಾಲದ್ದಕ್ಕೆ ಜೂನ್‌ನಿಂದ ಪಾಲ್ಘಾಟ್ ಕಣಿವೆಯಿಂದ ಬೀಸುವ ಗಾಳಿ. ಕೊಯಮತ್ತೂರಿನವರಿಗೆ ಗೊತ್ತಿರುವ ಆಷಾಢದ ಗಾಳಿಯೇ ಅದು. ಎತ್ತರಕ್ಕೆ ಬಿಟ್ಟ ನುಗ್ಗೆಯನ್ನು ಮುರಿದೇ ಮುರಿಯುತ್ತದೆ.

ಮದ್ದು ಕತ್ತರಿಯಲ್ಲಿದೆ. ಗಿಡ ಎರಡೂವರೆ ಅಡಿ ಬಂದಾಗ ತುದಿ ಚಿವುಟಿದರೆ ಪಕ್ಕದ ಕೊಂಬೆ ಒಡೆದು ಪೊದೆಯಂತೆ ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ ನೆಲದಿಂದ ಮೂರಡಿ ಬಿಟ್ಟು ಕಡಿದರೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಹೀಗೆ ಎರಡು-ಮೂರು ವರ್ಷ ನಡೆಸಿ, ಆಮೇಲೆ ಹೊಸ ಬೀಜ ಹಾಕುವುದು ಲೇಸು. ಗೋಡೆಯಿಂದ ದೂರದಲ್ಲಿ, ಪೂರ್ತಿ ಬಿಸಿಲು ಬೀಳುವ ಹಿತ್ತಲಲ್ಲಿ ನೆಡಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಅಕ್ಟೋಬರ್-ನವೆಂಬರ್ ಮಳೆಗೆ ಮುಂಚೆ ಮಣ್ಣು ಏರಿಸಿಡಬೇಕು.

ಹೂವೂ ಬೇಕು, ಅಡುಗೆಗೂ ಆಗಬೇಕು ಎನ್ನುವವರಿಗೆ ಅಗಸೆ ಮರವಿದೆ, ತಮಿಳರ ಅಗತ್ತಿ. ಬಿಳಿ ಅಥವಾ ಕೆಂಪು ಹೂ. ಹೂವಿನಿಂದ ಪಲ್ಯ, ದ್ವಾದಶಿಯ ಊಟಕ್ಕೆ ಸೊಪ್ಪು. ಬೇಗ ಬೆಳೆಯುತ್ತದೆ, ಬೇಗ ಮುದಿಯಾಗುತ್ತದೆ. ಗಾಳಿಗೆ ಅದೂ ಅಂಜುತ್ತದೆ, ಕತ್ತರಿ ಅದಕ್ಕೂ ತಪ್ಪಿದ್ದಲ್ಲ.