ಮರೆವು, ಮರೆವಿನ ಭಯ

ಮರಳೂರಿನಿಂದ ತುಮಕೂರು ಪೇಟೆಗೆ ಹೊರಟು, ಮನೆಗೆ ಬೀಗ ಹಾಕಿದೆವೊ ಇಲ್ಲವೊ ಎಂದು ಅರ್ಧ ದಾರಿಯಿಂದ ಹಿಂದಿರುಗಿದವರಲ್ಲಿ ನಾವೂ ಒಬ್ಬರು. ಬೀಗ ಬಿದ್ದೇ ಇದ್ದಿತು. ‘ಅರವತ್ತರ ಅರಳುಮರಳು ನಮಗೂ ಬಂದಿತೆ?’ ಎಂಬ ಅಳುಕು ಮಾತ್ರ ಉಳಿಯಿತು.

ವಾಸ್ತವವಾಗಿ ಇದು ಗಮನಲೋಪ. ಕೈ ಬೀಗ ಹಾಕುವಾಗ ಮನಸ್ಸು ಬೇರೆಲ್ಲಿಯೋ ಇದ್ದಿತು. ನೆನಪಿನ ಉಗ್ರಾಣಕ್ಕೆ ಸೇರದುದನ್ನು ಅಲ್ಲಿ ಹುಡುಕಿ ಫಲವೇನು?

ದಿನವೂ ನಡೆದ ಕೆರೆಯ ದಾರಿಯಲ್ಲಿ ದಿಕ್ಕು ತಪ್ಪಿದರೆ, ಮರೆತುದು ತಮಗೆ ತಿಳಿಯದೆ ಮನೆಯವರಿಗೇ ಕಂಡುಬಂದರೆ, ಆಗ ವೈದ್ಯರನ್ನು ಕಾಣಬೇಕು. ಅದು ಜರ್ಮನಿಯ ಆಲ್‌ಝೈಮರ್ 1906ರಲ್ಲಿ ವಿವರಿಸಿದ ರೋಗವೇ ಎಂದು ಒಡನೆ ನಿಶ್ಚಯಿಸಲಾಗದು. ಥೈರಾಯಿಡ್ ಗ್ರಂಥಿಯ ಮಾಂದ್ಯ, ಬಿ-12 ಜೀವಸತ್ತ್ವದ ಕೊರತೆ, ಮನೋವ್ಯಥೆ, ನಿದ್ರಾಹೀನತೆ ಇವೂ ಸ್ಮೃತಿಯನ್ನು ಕುಂದಿಸುತ್ತವೆ. ಈ ನಾಲ್ಕಕ್ಕೂ ಚಿಕಿತ್ಸೆಯುಂಟು. ಮೊದಲೆರಡನ್ನು ತಿಳಿಯಲು ರಕ್ತಪರೀಕ್ಷೆ ಸಾಕು.