ಮಿತಿ ಅಕ್ಕಿಗೋ, ಉಣ್ಣುವವರಿಗೋ?

ಬಳ್ಳಾರಿ ಸೀಮೆಯಲ್ಲಿ ಭಾರಲೋಹದ ಮಾತೆತ್ತಿದರೆ ಎಲ್ಲರ ಕಣ್ಣೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿ ವಿದ್ಯುತ್ ಸ್ಥಾವರದ ಹಾರುಬೂದಿ, ನಗರದ ಜೀನ್ಸ್ ತೊಳೆಯುವ ಘಟಕಗಳ ನೀಲಿ ನೀರಿನ ಕಡೆ ಹೊರಳುತ್ತದೆ. ಅವುಗಳ ಮೇಲೆ ಕಣ್ಣಿಡಬೇಕಾದ್ದೇ. ಆದರೆ ಲೋಹ ಹೊಲ ಸೇರಲು ಡಿಎಪಿ ಚೀಲವೂ ಸಾಕು. ರಂಜಕದ ಗೊಬ್ಬರ ಮಾಡುವ ಶಿಲೆಯಲ್ಲೇ ಕ್ಯಾಡ್ಮಿಯಂ ಇರುತ್ತದೆ. ತುಂಗಭದ್ರಾ ಕಾಲುವೆಯ ನೀರುಂಡು ಸಿರುಗುಪ್ಪ, ಕುರುಗೋಡುಗಳಲ್ಲಿ ಬೆಳೆಯುವ ಭತ್ತಕ್ಕೆ ಇನ್ನೊಂದು ಇಕ್ಕಟ್ಟಿದೆ. ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿಯಾಡದೆ ಕಬ್ಬಿಣದ ತುಕ್ಕು ಕರಗಿ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ನೀರು ಬಸಿದು ಒಣಗಿಸಿದರೆ ಆರ್ಸೆನಿಕ್ ತಗ್ಗಿ ಕ್ಯಾಡ್ಮಿಯಂ ಸಡಿಲವಾಗುತ್ತದೆ. ಎರಡನ್ನೂ ಒಟ್ಟಿಗೆ ತಡೆಯುವ ನೀರಿನ ಲೆಕ್ಕ ಸುಲಭದ್ದಲ್ಲ.

ಹಾಗಾದರೆ ನಿಗದಿತ ಮಿತಿಯೊಳಗಿರುವ ಅಕ್ಕಿ ಸುರಕ್ಷಿತವಲ್ಲವೇ? ಇಲ್ಲೇ ನನ್ನ ತಕರಾರು. ಪಾಲಿಶ್ ಮಾಡಿದ ಅಕ್ಕಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಕೊಟ್ಟ ಕ್ಯಾಡ್ಮಿಯಂ ಮಿತಿ ಕಿಲೋಗೆ 0.4 ಮಿಲಿಗ್ರಾಂ. ವಿಶ್ವಸಂಸ್ಥೆಯ ತಜ್ಞರ ಸಮಿತಿ 2010ರಲ್ಲಿ ಹೇಳಿದ ಸಹನೀಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೊಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 50. ದಿನಕ್ಕೆ 400 ಗ್ರಾಂ ಅಕ್ಕಿ ಉಣ್ಣುವವರ ಹೊಟ್ಟೆಗೆ ಮಿತಿಯಂಚಿನ ಅಕ್ಕಿಯಿಂದಲೇ 160 ಮೈಕ್ರೊಗ್ರಾಂ ಹೋಗುತ್ತದೆ, ಮೂರು ಪಟ್ಟಿಗಿಂತ ಹೆಚ್ಚು. ಚೀನಾದ ಮಿತಿ 0.2, ಯುರೋಪ್ ಒಕ್ಕೂಟ ತನ್ನದನ್ನು 2021ರಲ್ಲಿ 0.15ಕ್ಕೆ ಇಳಿಸಿದೆ. ಅಕ್ಕಿ ಅಷ್ಟಾಗಿ ಉಣ್ಣದ ಯುರೋಪಿಗೆ ಬಿಗಿ ಮಿತಿ ಇರುವುದು ವಿಚಿತ್ರವೇ ಸರಿ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಜಪಾನಿನ ಜಿಂಜು ನದಿಯ ದಡದಲ್ಲಿ ಗಣಿ ನೀರಿನಿಂದ ಬೆಳೆದ ಅಕ್ಕಿ ತಿಂದವರ ಮೂಳೆ ಮುರಿದ ಇತಾಯಿ-ಇತಾಯಿ ರೋಗವನ್ನು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಅಲ್ಲಿ ನರಳಿದವರಲ್ಲಿ ಹೆಚ್ಚಿನವರು ಹೆಂಗಸರು. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣದ ಅದಿರನ್ನು ಹಡಗು ತುಂಬಿ ಕಳಿಸಿದ ಜಿಲ್ಲೆಗೂ ಈ ಮಾತು ಅನ್ವಯ.

ನಮ್ಮದು ಎರೆ ಭೂಮಿ, ಕ್ಷಾರ ಗುಣದ್ದು, ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಕೃಷಿ ಬಲ್ಲವರು ಹೇಳಬಹುದು. ನಿಜ, ಅದು ಸಿರುಗುಪ್ಪದ ಭಾಗ್ಯ. ಆದರೆ ಅದೇ ಕ್ಷಾರ ಗುಣ ಆರ್ಸೆನಿಕ್ ಅನ್ನು ಸಡಿಲಗೊಳಿಸುತ್ತದೆ. ಒಂದು ಲೋಹದ ಕಾವಲು ಇನ್ನೊಂದಕ್ಕೆ ನಡೆಯದು. ಅನ್ನ ಬಸಿದರೆ ಹೋಗುತ್ತದಲ್ಲ ಎಂಬ ಮಾತೂ ಅರ್ಧ ಸತ್ಯ. ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಆರ್ಸೆನಿಕ್ ಒಂದಷ್ಟು ಕಡಿಮೆಯಾದೀತು, ಅದೂ ನೀರು ಶುದ್ಧವಾಗಿದ್ದರೆ. ಕ್ಯಾಡ್ಮಿಯಂ ಅಷ್ಟು ಸುಲಭಕ್ಕೆ ಕದಲದು. ಇಂಥ ಮಾತು ಸೋನಾ ಮಸೂರಿಯ ಹೆಸರು ಕೆಡಿಸುತ್ತದೆ ಎಂಬ ಗಿರಣಿ ಮಾಲೀಕರ ಆತಂಕಕ್ಕೆ ನನ್ನ ಉತ್ತರ ಬೇರೆ. ನಮ್ಮ ಅಕ್ಕಿಯಲ್ಲಿ ಲೋಹ ಮಿತಿಗಿಂತ ಬಹಳ ಕೆಳಗಿದೆಯೆಂದಾದರೆ ಮಿತಿಯನ್ನು, 400 ಗ್ರಾಂ ಉಂಡರೂ ದಿನದ 50 ಮೈಕ್ರೊಗ್ರಾಂ ದಾಟದ 0.125ಕ್ಕೆ ಇಳಿಸಿದರೂ ರೈತನಿಗೆ ಕಾಸಿನ ನಷ್ಟವಿಲ್ಲ, ಮಾರುಕಟ್ಟೆಯಲ್ಲಿ ಹೆಸರೇ ಬರುತ್ತದೆ. ಮೀರುತ್ತದೆಯೆಂದಾದರೆ ಅದನ್ನು ಮೊದಲು ಉಣ್ಣುವವನು ಆ ರೈತನೇ.

ಆದ್ದರಿಂದ ಪರೀಕ್ಷೆ ಅಂಗಡಿಯ ಚೀಲದಲ್ಲಿ ಮುಗಿಯಬಾರದು. ಯಾವ ಉಪಕಾಲುವೆಯ ಭತ್ತ ಎಂಬ ಗುರುತು ಗಿರಣಿಯವರೆಗೂ ಬರಬೇಕು. ಆ ಗದ್ದೆಯ ಮಣ್ಣು, ನೀರು, ಅಕ್ಕಿ ಮೂರನ್ನೂ ಒಟ್ಟಿಗೆ ಅಳೆದರೆ ದೋಷ ಗೊಬ್ಬರದ್ದೋ, ಬೂದಿಯದ್ದೋ, ಘಟಕದ ನೀರಿನದ್ದೋ ತಿಳಿಯುತ್ತದೆ. ಪಡಿತರದಲ್ಲಿ ಅಕ್ಕಿಯ ಒಂದು ಪಾಲು ಜೋಳವಾದರೆ ಅದೇ ಎರೆ ಭೂಮಿಗೆ ಒಗ್ಗಿದ, ನಿಂತ ನೀರು ಬೇಡದ ಕಾಳು ತಟ್ಟೆಗೆ ಮರಳುತ್ತದೆ, ದಿನದ 400 ಗ್ರಾಂ ಅಕ್ಕಿಯೂ ತಾನಾಗಿ ಇಳಿಯುತ್ತದೆ.